ಗೇಣುದ್ದದ ವೈರು

ಅಂಬುಜಮ್ಮ ಬಚ್ಚಲುಮನೆಯನ್ನು ಹೊಸದು ಮಾಡಿಸುವಾಗ ನೀರಿನ ಕೆಲಸಕ್ಕೆ ಪಾನಾ ಬಂದಿತ್ತು, ಕರೆಂಟಿನ ಕೆಲಸಕ್ಕೆ ಟೆಸ್ಟರ್ ಬಂದಿತ್ತು. ಎರಡೂ ಪಳಗಿದವು. ಪಾನಾ ಬಿಗಿದ ಪೈಪಿನಿಂದ ಒಂದು ಹನಿಯೂ ಸೋರಲಿಲ್ಲ. ಟೆಸ್ಟರ್ ನೋಡಿದ ಸ್ವಿಚ್ಚುಗಳಲ್ಲಿ ಒಂದೂ ಕೈಕೊಡಲಿಲ್ಲ. ಹೊಸ ಗೀಸರಿನ ಹೊಟ್ಟೆಯಿಂದ ಹೊರಟ ಗೇಣುದ್ದದ ವೈರು ಮಾತ್ರ ಎಲ್ಲಿಗೂ ಸೇರದೆ ನೇತಾಡುತ್ತಿತ್ತು.

"ಸ್ವಾಮಿ, ಯಾರಾದರೂ ನನ್ನನ್ನು ಕರೆಂಟಿಗೆ ಸೇರಿಸಿ. ನಾಳೆ ಬಾಣಂತಿ ಮಗುವಿನೊಂದಿಗೆ ಮನೆಗೆ ಬರುತ್ತಾಳೆ," ಎಂದು ಗೀಸರ್ ಕೇಳಿಕೊಂಡಿತು.

"ವೈರು ಎಂದ ಮೇಲೆ ಅದು ಟೆಸ್ಟರ್ ಅವರದು. ಇನ್ನೊಬ್ಬರ ಕೆಲಸಕ್ಕೆ ಕೈಹಾಕುವ ಜಾಯಮಾನ ನನ್ನದಲ್ಲ," ಎಂದಿತು ಪಾನಾ.

"ಗೋಡೆಯೊಳಗಿನ ವೈರು ನನ್ನದು. ಗೀಸರಿನ ಜೊತೆ ಬಂದ ವೈರು, ಗೀಸರನ್ನು ಕೂರಿಸಿದ ಪಾನಾ ಅವರದು. ಹಿರಿಯರ ಹಕ್ಕನ್ನು ನಾನು ಕಸಿಯಲಾರೆ," ಎಂದಿತು ಟೆಸ್ಟರ್.

ಸಂಜೆಯವರೆಗೂ ಹೀಗೆ ಒಂದನ್ನೊಂದು ಗೌರವಿಸಿ, ಕೊನೆಗೆ ತಪ್ಪು ಗೀಸರಿನದೇ ಎಂದು ಒಪ್ಪಿಕೊಂಡು, ಎರಡೂ ಪಡಸಾಲೆಯಲ್ಲಿದ್ದ ತಮ್ಮ ತಮ್ಮ ಚೀಲ ಸೇರಿದವು.

ಮರುದಿನ ಮಗು ಬಂತು. ಅಂಬುಜಮ್ಮ ಸ್ವಿಚ್ಚು ಒತ್ತಿ, ನಲ್ಲಿ ತಿರುಗಿಸಿ, ನೀರು ಮುಟ್ಟಿ ನೋಡಿದಳು. ತಣ್ಣಗಿತ್ತು. ಹಿತ್ತಲಿಗೆ ಹೋಗಿ, ಮೂರು ಕಲ್ಲು ಹೂಡಿ, ಹಂಡೆಯಿಟ್ಟು ಸೌದೆ ಹಚ್ಚಿದಳು. ಕಾದ ನೀರನ್ನು ಬಿಂದಿಗೆಯಲ್ಲಿ ಬಚ್ಚಲಿಗೆ ಹೊತ್ತು ತಂದಳು. ಬಾಗಿಲ ಸಂದಿಯಿಂದ ಹಬೆ ಬಂತು, ಅಳುತ್ತಿದ್ದ ಮಗು ಸುಮ್ಮನಾಯಿತು.

ಚೀಲದಿಂದ ಇಣುಕಿದ ಪಾನಾ, "ನೋಡಿದಿರಾ, ಬಿಸಿನೀರು ಬರಿಸಿದ್ದು ನಾನು," ಎಂದಿತು.

"ಕ್ಷಮಿಸಿ, ನೀರು ಬರಿಸಿದ್ದು ನೀವು. ಬಿಸಿ ಮಾಡಿದ್ದು ನಾನು," ಎಂದಿತು ಟೆಸ್ಟರ್.