ಜೀಗುಜ್ಜೆಯ ಬೀಜ ಎಲ್ಲಿ ಹೋಯಿತು

ಲೋಕಕ್ಕೆ ಇನ್ನೂ ಹೊಸ ಮಡಕೆಯ ವಾಸನೆ ಇದ್ದ ಕಾಲ. ಕಡಲಿಗೆ ಉಪ್ಪು ಬಿದ್ದು ನಾಲ್ಕೇ ದಿನವಾಗಿತ್ತು. ಐದು ಅನ್ನುವವರೂ ಇದ್ದಾರೆ. ಅವರು ಸುಳ್ಳರು.

ಆ ಕಡಲ ನಡುವೆ ಒಂದು ಪುಟ್ಟ ದ್ವೀಪ. ಅಲ್ಲಿ ಹೊನ್ನಕ್ಕ, ಅವಳ ಗಂಡ ಕುಪ್ಪಣ್ಣ, ಒಂದು ಸಿಹಿನೀರಿನ ಬಾವಿ, ಹಲಸಿನ ಜಾತಿಯ ಒಂದು ಜೀಗುಜ್ಜೆ ಮರ.

ಆಗ ಜೀಗುಜ್ಜೆಯ ಎಲೆ ತಟ್ಟೆಯಂತೆ ದುಂಡಗಿತ್ತು. ಕಾಯಿಯೊಳಗೆ ತಿನ್ನಲು ಏನೂ ಇರಲಿಲ್ಲ. ಬರೀ ಬೀಜ, ಗೋಲಿಯಂಥ ಗಟ್ಟಿ ಬೀಜ. ಮರ ಒಂದೊಂದಕ್ಕೂ ಹೆಸರಿಟ್ಟು ಕರೆಯುತ್ತಿತ್ತು. ಹೊನ್ನಕ್ಕನಿಗೆ ಮಕ್ಕಳಿರಲಿಲ್ಲ. ನೆರಳಲ್ಲಿ ಕೂತು ಕೂತು ಆ ಹೆಸರುಗಳೆಲ್ಲ ಅವಳಿಗೂ ಬಾಯಿಪಾಠವಾಗಿದ್ದವು.

ಒಂದು ಬೆಳಿಗ್ಗೆ ಕುಪ್ಪಣ್ಣ ಬಾವಿನೀರು ಬಾಯಿಗೆ ಹಾಕಿ ಥೂ ಅಂದ.

"ಉಪ್ಪು! ಇನ್ನಿಲ್ಲಿ ನಾವೂ ಬದುಕೋದಿಲ್ಲ, ಮರವೂ ಬದುಕೋದಿಲ್ಲ. ದೋಣಿ ಹತ್ತು."

"ಇಷ್ಟು ಮಕ್ಕಳನ್ನು ಬಿಟ್ಟಾ?" ಅಂದಳು ಹೊನ್ನಕ್ಕ. ಬುಟ್ಟಿ ತಂದು ಬೀಜ ತುಂಬತೊಡಗಿದಳು. ಒಂದು ಬುಟ್ಟಿ, ಹತ್ತು ಬುಟ್ಟಿ, ಮೂವತ್ತು ಬುಟ್ಟಿ. ದೋಣಿಯ ಅಂಚು ನೀರಿಗೆ ತಾಗಿತು. ದಡದ ಮೇಲೆ ಇನ್ನೂ ಅರ್ಧ ರಾಶಿ ಉಳಿದಿತ್ತು.

"ಇನ್ನೊಂದು ಹಾಕು ಹೊನ್ನಕ್ಕಾ," ಕಡಲು ನಕ್ಕಿತು, "ದೋಣಿ ನನ್ನದು."

"ಏ ಮಾರಾಯ್ತಿ," ಕುಪ್ಪಣ್ಣ ತಲೆ ಚಚ್ಚಿಕೊಂಡ, "ಕಾಡು ಸಾಗಿಸ್ತೀಯೋ, ಗಂಡನ್ನ ಸಾಗಿಸ್ತೀಯೋ?"

ಹೊನ್ನಕ್ಕ ಸ್ವಲ್ಪ ಯೋಚಿಸಿದಳು. ಕುಪ್ಪಣ್ಣನಿಗೆ ಅದೇ ಬೇಸರ.

ಕೊನೆಗೆ ಮರದ ಬಳಿ ಹೋದಳು. "ಹತ್ತು ಮಕ್ಕಳನ್ನು ಆರಿಸಿಕೊಡು ತಾಯಿ. ಅವರನ್ನಾದರೂ ಉಳಿಸ್ತೇನೆ."

ಮರ ಎಣಿಸಲು ಕೂತಿತು. ಬೆರಳಿಲ್ಲದೆ ಎಣಿಸುವುದು ಹೇಗೆ? ದುಂಡನೆಯ ಎಲೆಯನ್ನು ಸೀಳಿ ಸೀಳಿ ಬೆರಳು ಮಾಡಿಕೊಂಡಿತು. ಇವನನ್ನು ಕೊಟ್ಟರೆ ಅವಳು ದಡದಲ್ಲೇ ಉಳಿದಳು. ಅವಳನ್ನು ಕೊಟ್ಟರೆ ಇವನು ಉಳಿದ.

"ಹೊನ್ನಕ್ಕಾ, ನನ್ನಿಂದ ಆಗೋದಿಲ್ಲ," ಅಂದಿತು ಮರ. "ಮಕ್ಕಳೇ, ಎಲ್ಲರೂ ಒಳಗೆ ಬನ್ನಿ."

ಬೀಜಗಳು ದೋಣಿಯಿಂದಲೂ ದಡದಿಂದಲೂ ಟಪಟಪ ಹಾರಿ ಕಾಯಿಗಳೊಳಗೆ ಸೇರಿಕೊಂಡವು. ನಂಬದಿದ್ದರೆ ಕಡಲಾಮೆಯನ್ನು ಕೇಳಿ. ಅದು ಕಂಡಿದೆ. ಈಚೆಗೆ ಮಾತು ಬಿಟ್ಟಿದೆ, ಅಷ್ಟೆ.

ಹೊನ್ನಕ್ಕ ಒಂದು ಕಾಯಿ ಕೊಯ್ದು ನೋಡಿದಳು. ಬೆಳ್ಳಗಿನ ಮೆತ್ತನೆ ತಿರುಳು. ಹುಡುಕಿದರೂ ಒಂದು ಬೀಜವಿಲ್ಲ.

"ಅಯ್ಯೋ ಹುಚ್ಚಿ! ನಿನ್ನ ವಂಶ ನೀನೇ ಅಳಿಸಿಕೊಂಡೆಯಲ್ಲೇ!" ಸಿಟ್ಟಿನಲ್ಲಿ ಗುದ್ದಲಿ ಎತ್ತಿ ನೆಲಕ್ಕೆ ಹೊಡೆದಳು. ಏಟು ಬೇರಿಗೆ ಬಿತ್ತು. ಹಾಲು ಜಿನುಗಿತು.

ಹೊನ್ನಕ್ಕ ಗುದ್ದಲಿ ಬಿಸಾಡಿದಳು. ಮನೆ ಬಿಡುವ ಹೊತ್ತಿಗೆ ಏಟು ಕೊಟ್ಟೆನಲ್ಲ! ಗಾಯಕ್ಕೆ ಮಣ್ಣು ಮುಚ್ಚಿದಳು. ದೋಣಿಗೆಂದು ಇಟ್ಟಿದ್ದ ಒಂದೇ ಕೊಡ ಸಿಹಿನೀರಿನಿಂದ ಒಂದು ಚೊಂಬು ಸುರಿದಳು.

"ಅದು ನನ್ನ ಪಾಲೋ, ನಿನ್ನ ಪಾಲೋ?" ಕುಪ್ಪಣ್ಣ ಕೇಳಿದ.

"ನನ್ನದು."

ಅವನು ತನ್ನ ಪಾಲಿನದೂ ಒಂದು ಚೊಂಬು ತಂದು ಸುರಿದ. ಆಮೇಲೆ ಮರದ ಹಾಲನ್ನೇ ಬಳಿದು ದೋಣಿಯ ಬಿರುಕು ಮುಚ್ಚುತ್ತ ಕೂತ. ಹಸಿವಾದಾಗ ಇಬ್ಬರೂ ಕಾಯಿ ಸುಟ್ಟು ತಿಂದರು. ಹೊನ್ನಕ್ಕ ಮೊದಲ ತುತ್ತಿಗೆ ಅತ್ತಳು, ಎರಡನೆಯದಕ್ಕೆ ಉಪ್ಪು ಕೇಳಿದಳು.

ಮೂರನೇ ದಿನ ಗಾಯದ ಜಾಗದಲ್ಲೇ ಚಿಗುರು ಎದ್ದಿತು. ಲೋಕ ಹೊಸತಲ್ಲವೆ, ಚಿಗುರಿಗೂ ಅವಸರ.

"ಇದು ಯಾವ ಮಗು?" ಹೊನ್ನಕ್ಕ ಪಿಸುಗುಟ್ಟಿದಳು.

"ಎಲ್ಲರೂ," ಅಂದಿತು ಮರ. "ಒಬ್ಬರನ್ನೂ ಬಿಟ್ಟಿಲ್ಲ. ಇನ್ನು ಇವರು ಗಾಳಿಯ ಜೊತೆ ಹೋಗೋದಿಲ್ಲ, ಬಾವಲಿಯ ಜೊತೆ ಹೋಗೋದಿಲ್ಲ. ಬೇಕು ಅಂತ ಕೈಯಲ್ಲಿ ಎತ್ತಿಕೊಂಡವರ ಜೊತೆ ಮಾತ್ರ."

ಹೊನ್ನಕ್ಕ ಆ ಬೇರುಚಿಗುರನ್ನು ಮಣ್ಣಿನ ಸಮೇತ ಮಡಿಲಲ್ಲಿಟ್ಟು ದೋಣಿ ಹತ್ತಿದಳು. ಕಡಲು ಇಣುಕಿ ನೋಡಿ ಸುಮ್ಮನೆ ದಾರಿ ಬಿಟ್ಟಿತು.

ಅದಕ್ಕೇ ಮಗು, ಇವತ್ತು ಅಮ್ಮ ಬಜ್ಜಿಯಂಥ ಪೋಡಿ ಕರಿಯಲು ಜೀಗುಜ್ಜೆ ಹೆಚ್ಚಿದಾಗ ಅದರಲ್ಲಿ ಬೀಜ ಸಿಗುವುದಿಲ್ಲ. ಅದರ ಎಲೆ ಇನ್ನೂ ಬೆರಳು ಬಿಡಿಸಿಕೊಂಡೇ ನಿಂತಿದೆ. ನಿಮ್ಮ ಹಿತ್ತಿಲಲ್ಲಿ ಆ ಮರವಿದ್ದರೆ, ಯಾರೋ ಒಬ್ಬರು ಅದನ್ನು ಮಡಿಲಲ್ಲಿಟ್ಟುಕೊಂಡು ಬಂದಿದ್ದಾರೆ.