ಹಾಟ್‌ಬಾಕ್ಸಿನ ಮುಚ್ಚಳ

ಹೊಳೆ ದಂಡೆಯ ಆ ಮನೆಗೆ ಊರಿನವರು ಆಶ್ರಮ ಎಂದು ಹೆಸರಿಟ್ಟಿದ್ದರು. ಅಲ್ಲಿ ಧ್ಯಾನ, ಭಜನೆ ಏನೂ ಇರಲಿಲ್ಲ. ಬೆನೆಡಿಕ್ಟಾ ಟೀಚರ್ ಇದ್ದರು, ಅವರ ಅಡುಗೆಮನೆ ಇತ್ತು. ನಿವೃತ್ತರಾದ ಮೇಲೂ ಅಡುಗೆ ಕಲಿಯುವವರು ಹುಡುಕಿಕೊಂಡು ಬರುತ್ತಿದ್ದರು. ಟೀಚರ್ ಕಲಿಸುತ್ತಿದ್ದುದಕ್ಕಿಂತ ನೋಡುತ್ತ ಕೂರುತ್ತಿದ್ದದ್ದೇ ಹೆಚ್ಚು.

ಒಂದು ಬೆಳಿಗ್ಗೆ ಶಿಷ್ಯೆ ನಳಿನಾಕ್ಷಿ, ಎಣ್ಣೆಯ ಬದಲು ಬಿಸಿಗಾಳಿಯಲ್ಲಿ ಬೇಯಿಸುವ ಏರ್ ಫ್ರೈಯರನ್ನು ಮಗುವಿನಂತೆ ತೊಡೆಯ ಮೇಲೆ ಕೂರಿಸಿಕೊಂಡು ಆಟೋದಲ್ಲಿ ಬಂದಳು.

"ಇದರಲ್ಲಿ ಚಿಕನ್ ಸ್ಟ್ರಿಪ್ಸ್ ಗರಿಗರಿ ಆಗುವುದೇ ಇಲ್ಲ ಟೀಚರೇ. ಭಾನುವಾರದೊಳಗೆ ಆಗ್ಬೇಕು."

"ಭಾನುವಾರ ಎಂತ ಉಂಟು?"

"ಅತ್ತೆಗೆ ಎಪ್ಪತ್ತು ತುಂಬ್ತದೆ. ಮದುವೆ ಆದ ಮೇಲೆ ನನ್ನನ್ನು ಕಾಲೇಜಿಗೆ ಕಳಿಸಿದ್ದು ಅವರು. ಪರೀಕ್ಷೆ ಸಮಯದಲ್ಲಿ ದಿನಾ ಸಂಜೆ ಬೆರಳುದ್ದದ ಕೋಳಿ ತುಂಡು ರಸ್ಕಿನ ಪುಡಿಯಲ್ಲಿ ಹೊರಳಿಸಿ, ಕರಿದು, ಪುಸ್ತಕದ ಹತ್ತಿರ ತಂದಿಡ್ತಿದ್ದರು. ಈಗ ಅವರಿಗೇ ಹಾರ್ಟಿನ ತೊಂದರೆ. ಡಾಕ್ಟರು ಕರಿದದ್ದನ್ನೆಲ್ಲ ನಿಲ್ಲಿಸಿದ್ದಾರೆ. ಎರಡು ತುತ್ತು ತಿಂದು ತಟ್ಟೆ ಸರಿಸಿಬಿಡ್ತಾರೆ."

ನಳಿನಾಕ್ಷಿ ಮೆಷಿನನ್ನು ಅಡುಗೆಕಟ್ಟೆಯ ಮೇಲಿಟ್ಟಳು.

"ಭಾನುವಾರ ನೆಂಟರೆಲ್ಲ ಬರ್ತಾರೆ. ಎಲ್ಲರೆದುರು ಇದನ್ನು ಬಡಿಸಿ ಅತ್ತೆಗೊಂದು ಮಾತು ಹೇಳ್ಬೇಕು. ಡಿಗ್ರಿ ಸಿಕ್ಕಿದ ದಿನದಿಂದ ಇಟ್ಟುಕೊಂಡ ಮಾತು."

"ಮಾಡಿ ತೋರಿಸು," ಎಂದರು ಟೀಚರ್.

ಅವಳು ತಾನು ತಂದಿದ್ದ ಕೋಳಿ ತುಂಡುಗಳ ನೀರು ಒರೆಸಿದಳು. ಮಸಾಲೆ ಹಚ್ಚಿ, ಮೊಟ್ಟೆಯಲ್ಲಿ ಅದ್ದಿ, ರಸ್ಕಿನ ಪುಡಿಯಲ್ಲಿ ಹೊರಳಿಸಿದಳು. ಒಂದಕ್ಕೊಂದು ತಾಗದಂತೆ ಮೆಷಿನ್ನಿನ ಬುಟ್ಟಿಯಲ್ಲಿ ಮಲಗಿಸಿ, ಎಣ್ಣೆ ಸವರಿದಳೋ ಇಲ್ಲವೋ ಎಂಬಂತೆ ಸವರಿದಳು. ಹಿಡಿದದ್ದು ನಾಲ್ಕೇ ತುಂಡು. ನಡುವೆ ಒಮ್ಮೆ ತಿರುಗಿಸಿದಳು. ಟೀಚರ್ ತಪ್ಪು ಹುಡುಕಿದರು. ಸಿಗಲಿಲ್ಲ.

ಮೆಷಿನ್ ಟಿಂಗ್ ಎಂದಿತು. ಹೊರಬಂದ ತುಂಡುಗಳು ಹೊಂಬಣ್ಣಕ್ಕೆ ತಿರುಗಿದ್ದವು. ಟೀಚರ್ ಕೈ ಚಾಚಿದರು.

"ನಿಲ್ಲಿ ಟೀಚರೇ. ಎಲ್ಲ ಆಗ್ಲಿ, ಒಟ್ಟಿಗೆ ತಿನ್ನುವ."

ನಳಿನಾಕ್ಷಿ ಚೀಲದಿಂದ ಹಾಟ್‌ಬಾಕ್ಸ್ ತೆಗೆದು, ತುಂಡುಗಳನ್ನು ಒಳಗಿಟ್ಟು, ಮುಚ್ಚಳ ಗಟ್ಟಿಯಾಗಿ ತಿರುಗಿಸಿದಳು. ಟೀಚರ್ ಕೈ ಹಿಂದಕ್ಕೆ ತೆಗೆದುಕೊಂಡರು.

ಇನ್ನೊಂದು ಸುತ್ತು ಬೆಂದಿತು, ಮತ್ತೊಂದು ಬೆಂದಿತು. ಎಲ್ಲವೂ ಡಬ್ಬಿಯೊಳಗೆ ಹೋದವು. ಕೊನೆಗೆ ತೆರೆದು ಒಂದನ್ನೆತ್ತಿದರೆ, ಅದು ಒದ್ದೆ ಚಪ್ಪಲಿಯ ಪಟ್ಟಿಯಂತೆ ಜೋತುಬಿತ್ತು.

"ನೋಡಿದ್ರಾ? ಮೆಷಿನ್ನೇ ಸರಿ ಇಲ್ಲ."

ಟೀಚರ್ ಮುಚ್ಚಳವನ್ನು ಎತ್ತಿ ಅವಳ ಅಂಗೈ ಮೇಲೆ ಹಿಡಿದರು. ಒಳಗಿನಿಂದ ಹನಿಗಳು ತೊಟ್ಟಿಕ್ಕಿದವು.

"ಈ ನೀರು ಯಾವ ಮೆಷಿನ್ನಿಂದ ಬಂತು?"

ನಳಿನಾಕ್ಷಿ ಅಂಗೈ ನೋಡಿಕೊಂಡಳು.

"ಹಾಗಾದ್ರೆ ಮುಚ್ಚದೆ ಇಡ್ತೇನೆ."

"ಆರ್ತದೆ."

"ಮತ್ತೆ ಎಲ್ಲರಿಗೂ ಒಟ್ಟಿಗೆ ಬಡಿಸೋದು ಹೇಗೆ?"

"ಎಲ್ಲರಿಗಾ? ನೀನು ಹೇಳಿದ್ದು ಅತ್ತೆಗೆ ಅಂತ."

ನಳಿನಾಕ್ಷಿ ಅಂಗೈಯ ನೀರು ಒರೆಸಿಕೊಂಡಳು.

"ಅವರು ನಿನಗೆ ತಂದುಕೊಡುವಾಗ ಸುತ್ತ ಯಾರೆಲ್ಲ ಇರ್ತಿದ್ದರು ಮಾರಾಯ್ತಿ?"

"ಯಾರೂ ಇಲ್ಲ. ಬಾಣಲೆಯಿಂದ ಸೀದಾ ತರ್ತಿದ್ದರು. ಊದಿಕೊಂಡು ತಿನ್ನು, ಬಿಸಿ ಉಂಟು ಅಂತಿದ್ದರು. ಅಷ್ಟೆ."

ಟೀಚರ್ ಹಾಟ್‌ಬಾಕ್ಸನ್ನು ತೊಳೆದು, ಮುಚ್ಚಳವನ್ನು ಬೇರೆಯಾಗಿ, ಡಬ್ಬಿಯನ್ನು ಬೇರೆಯಾಗಿ ಅವಳ ಚೀಲಕ್ಕೆ ಹಾಕಿದರು.

ಭಾನುವಾರಕ್ಕೆ ಇನ್ನೂ ದಿನಗಳಿರುವಾಗಲೇ ಅದೇ ಆಟೋ ಮತ್ತೆ ಬಂತು. ನಳಿನಾಕ್ಷಿಯ ತೊಡೆಯ ಮೇಲೆ ಅದೇ ಮೆಷಿನ್. ಹಾಟ್‌ಬಾಕ್ಸ್ ಮಾತ್ರ ಇರಲಿಲ್ಲ.

ಕೇಳದೆಯೇ ಪ್ಲಗ್ ಚುಚ್ಚಿದಳು. ನಾಲ್ಕು ತುಂಡು ಇಟ್ಟಳು. ಬೇಯುವಷ್ಟು ಹೊತ್ತು ಮಾತಾಡಿದಳು.

"ಅವತ್ತು ಸಂಜೆಯೇ ಇದನ್ನು ಅತ್ತೆಯ ಕೋಣೆಗೆ ಎತ್ತಿಕೊಂಡು ಹೋದೆ. ಮಂಚದ ಹತ್ತಿರ ಸ್ಟೂಲಿನ ಮೇಲೆ ಇಟ್ಟೆ. ಇದೆಂತ ರೇಡಿಯೋವಾ ಅಂತ ಕೇಳಿದ್ರು. ಆದದ್ದೇ ಮೊದಲನೆಯದನ್ನು ತೆಗೆದು ಕೈಗೆ ಕೊಟ್ಟೆ."

"ಮಾತು ಹೇಳಿದೆಯಾ?"

"ಎಲ್ಲಿ? ಇಷ್ಟು ವರ್ಷ ಮನಸ್ಸಲ್ಲೇ ತಿದ್ದಿ ತಿದ್ದಿ ಇಟ್ಟದ್ದು, ಒಂದೂ ನೆನಪಾಗಲಿಲ್ಲ. ಊದಿಕೊಂಡು ತಿನ್ನಿ ಅತ್ತೆ, ಬಿಸಿ ಉಂಟು ಅಂದೆ."

"ಅವರು?"

"ನನ್ನ ಮುಖ ನೋಡಿದ್ರು. ತುಂಬಾ ಹೊತ್ತು. ಆಮೇಲೆ ಊದಿದ್ರು. ಕಚ್ಚಿದ ಶಬ್ದ ಹೊರಗೆ ಜಗಲಿಯವರೆಗೆ ಕೇಳಿತು. ನಾಲ್ಕೂ ತಿಂದ್ರು ಟೀಚರೇ. ತಿಂದು, ನನ್ನ ಕೈ ಹಿಡಿದುಕೊಂಡು ಹಾಗೇ ಕೂತಿದ್ರು."

ಮೆಷಿನ್ ಟಿಂಗ್ ಎಂದಿತು. ನಳಿನಾಕ್ಷಿ ಬೆರಳು ಸುಟ್ಟುಕೊಂಡೇ ಮೊದಲ ತುಂಡನ್ನು ತೆಗೆದು ಗುರುವಿನ ಅಂಗೈಯಲ್ಲಿಟ್ಟಳು. ಟೀಚರ್ ಅದನ್ನು ಮುರಿದು ಅರ್ಧವನ್ನು ಶಿಷ್ಯೆಗೆ ಕೊಟ್ಟರು. ಇಬ್ಬರೂ ಊದಿದರು. ಸ್ವಲ್ಪ ಹೊತ್ತು ಆ ಮನೆಯಲ್ಲಿ ಅಗಿಯುವ ಶಬ್ದ ಬಿಟ್ಟರೆ ಬೇರೇನೂ ಇರಲಿಲ್ಲ.

"ಆದ್ರೆ ಟೀಚರೇ, ಭಾನುವಾರ ನೆಂಟರೆಲ್ಲ ಬರ್ತಾರಲ್ಲ. ಎಲ್ಲರೆದುರು ಇನ್ನು ಎಂತ ಹೇಳ್ಲಿ?"

ಟೀಚರ್ ಎರಡನೆಯ ತುಂಡಿಗೆ ಕೈ ಹಾಕಿದರು.

"ಊಟಕ್ಕೆ ಏಳಿ ಅಂತ ಹೇಳು."