ಹೆಂಚಿನ ಕೆಳಗೆ ಹಾಸಿದ ಜಡೆ

ಒಂದಾನೊಂದು ಊರಿನಲ್ಲಿ, ಹೆಸರಿಡುವ ದಿನವೇ ಮಳೆ ಬಂದು ಜನ ಎದ್ದು ಓಡಿದ್ದರಿಂದ ಹೆಸರೇ ಇಲ್ಲದೆ ಉಳಿದ ಊರಿನಲ್ಲಿ, ತಿಪ್ಪೇಶಿ ಅಂತ ಒಬ್ಬನಿದ್ದ. ಅವನ ಹೆಂಡತಿ ಹಾಲಮ್ಮ. ಮದುವೆಯಾಗಿ ಮೈಮೇಲಿನ ಅರಿಶಿನ ಇನ್ನೂ ಆರಿರಲಿಲ್ಲ.

ಆ ಊರಿನ ರಾಜ ಒಂದು ದಿನ ಪಾಯಸ ಉಣ್ಣುತ್ತಿದ್ದ. ಹೆಂಚಿನ ಸಂದಿಯಿಂದ ಒಂದು ಹನಿ ಇಳಿದು ಪಾಯಸಕ್ಕೆ ಬಿತ್ತು. ರಾಜ ಅತ್ತ. ಮಂತ್ರಿಯೂ ಅತ್ತ, ಸಂಬಳ ತಿನ್ನುವವನು ಅಳಲೇಬೇಕಲ್ಲ. ಕಣ್ಣೊರೆಸಿಕೊಂಡು ರಾಜ ಅಪ್ಪಣೆ ಮಾಡಿದ: "ಇನ್ನು ಮುಂದೆ ಹೆಂಚಿನ ಕೆಳಗೆ ಒಂದು ಹಾಸು ಹಾಸಲೇಬೇಕು. ಹಾಸಿಲ್ಲದ ಮನೆ ಮನೆಯಲ್ಲ. ಮನೆಯಿಲ್ಲದವನು ಮನುಷ್ಯನಲ್ಲ, ಮರ."

ತಿಪ್ಪೇಶಿ ಹೆಂಚು ಇಳಿಸಿದ. ಸೂರು ಬಿಚ್ಚಿದ ಮನೆಯ ಹೊಸ್ತಿಲನ್ನು ಹೆಂಗಸು ದಾಟಬಾರದು ಅನ್ನುವುದು ಆ ಊರಿನ ಪದ್ಧತಿ. ಹಾಲಮ್ಮ ಗಂಟು ಕಟ್ಟಿಕೊಂಡು ತವರಿಗೆ ಹೊರಟಳು.

"ಬೇಗ ಮುಚ್ಚಿಸ್ರಿ. ನಂಗೆ ಅಲ್ಲಿ ನಿದ್ದೆ ಹತ್ತಲ್ಲ," ಅಂದಳು.

"ನಾಳೆ ನಾಡಿದ್ದರಲ್ಲಿ ಮುಚ್ಚಿಬಿಡ್ತೀನಿ ಕಣೇ," ಅಂದ ತಿಪ್ಪೇಶಿ.

ಟಾರು ಬಳಿದ ಬಟ್ಟೆ ತಂದು ಪಟ್ಟಿ ಪಟ್ಟಿಯಾಗಿ ಹಾಸಿದ. ರಾಜನ ಅಮಲ್ದಾರ ಬಂದು ನೋಡಿದ. "ಮಳೆ ಮೇಲಿಂದ ಕೆಳಕ್ಕೆ ಹರಿಯುತ್ತೆ. ಅದಕ್ಕೇ ಮೇಲಿನ ಪಟ್ಟಿ ಕೆಳಗಿನ ಪಟ್ಟಿಯ ಮೇಲೆ ಬರಬೇಕು. ಬಂದಿದೆ. ಸರಿ. ಎಲ್ಲಿ ವಿಮೆ ಸಾಹುಕಾರರ ಮುದ್ರೆ?"

ವಿಮೆ ಸಾಹುಕಾರ ಅಂದರೆ ಯಾರು? ಸೂರು ಹಾರಿಹೋದರೆ ಹೊಸ ಸೂರು ಕೊಡುತ್ತೇನೆ ಅಂತ ಮಾತು ಕೊಟ್ಟು, ಯಾರ ಸೂರೂ ಹಾರದಿರಲಿ ಅಂತ ಹರಕೆ ಹೊತ್ತವನು. ಅವನು ಬಂದವನೇ ಮೂಗು ಮುರಿದ. "ಗಾಳಿ ಕೆಳಗಿಂದ ಮೇಲಕ್ಕೆ ನುಗ್ಗುತ್ತಪ್ಪ. ಕೆಳಗಿನ ಪಟ್ಟಿ ಮೇಲಿನ ಪಟ್ಟಿಯ ಮೇಲೆ ಬರಬೇಕು."

ತಿಪ್ಪೇಶಿ ಬಿಚ್ಚಿ, ತಿರುವಿ ಹಾಸಿದ. ಸಾಹುಕಾರ ಮುದ್ರೆ ಒತ್ತಿದ, ಅಮಲ್ದಾರ ಅಳಿಸಿದ. ಮತ್ತೆ ಬಿಚ್ಚಿದ, ಮತ್ತೆ ಹಾಸಿದ. ಅಮಲ್ದಾರ ಒತ್ತಿದ, ಸಾಹುಕಾರ ಅಳಿಸಿದ. ಮಳೆಗಾಲ ಬಂತು, ಹೋಯಿತು. ಮತ್ತೆ ಬಂತು, ಮತ್ತೆ ಹೋಯಿತು. ಎಷ್ಟು ಸಲ ಅಂತ ಮಳೆಗೇ ಮರೆತುಹೋಯಿತು.

ಹಾಲಮ್ಮನನ್ನಾದರೂ ನೋಡಿ ಬರೋಣ ಅಂತ ತಿಪ್ಪೇಶಿ ಹೊರಟ. ಅಮಲ್ದಾರ ಅಡ್ಡ ನಿಂತ. "ಎಲ್ಲಿಗೆ? ನೀನೀಗ ಮರ. ಮರ ನಡೆಯೋ ಹಾಗಿಲ್ಲ."

ನ್ಯಾಯವೇ ಅಲ್ಲವೇ? ತಿಪ್ಪೇಶಿ ಹಿಂದಕ್ಕೆ ಬಂದು ಅಂಗಳದಲ್ಲಿ ನಿಂತ. ಒಂದು ಗುಬ್ಬಿ ಬಂದು ಹೆಗಲ ಮೇಲೆ ಗೂಡು ಕಟ್ಟಿತು.

ರಾಶಿ ಬಿದ್ದಿದ್ದ ಹೆಂಚುಗಳನ್ನು ಕೇಳಿದ, "ನಿಮ್ಮ ಕೆಳಗೆ ಹೆಂಗಪ್ಪಾ ಹಾಸಲಿ?"

"ನಮಗೇನು ಗೊತ್ತು? ನಾವು ಆಕಾಶ ನೋಡ್ತಾ ಮಲಗೋರು," ಅಂದವು ಹೆಂಚು.

ಪಟ್ಟಿಗಳನ್ನು ಕೇಳಿದ.

"ಮೇಲೂ ಇರ್ಬೇಕು, ಕೆಳಗೂ ಇರ್ಬೇಕು ಅಂದ್ರೆ ನಮ್ಮಿಂದ ಆಗಲ್ಲಪ್ಪ. ಅದು ಜಡೆಗೆ ಮಾತ್ರ ಆಗೋದು," ಅಂದವು ಪಟ್ಟಿ.

ಜಡೆ! ಹೌದಲ್ಲ, ಜಡೆಯಲ್ಲಿ ಒಂದೊಂದು ಎಳೆಯೂ ಒಮ್ಮೆ ಮೇಲೆ, ಒಮ್ಮೆ ಕೆಳಗೆ. ಹಾಲಮ್ಮ ದಿನಾ ಬೆಳಿಗ್ಗೆ ಬಾಗಿಲಲ್ಲಿ ಕೂತು ಜಡೆ ಹೆಣೆದುಕೊಳ್ಳುತ್ತಿದ್ದಳು. ಇವನು ಎದುರಿಗೇ ಕೂತು ನೋಡುತ್ತಿದ್ದ. ಆದರೆ ನೋಡುತ್ತಿದ್ದದ್ದು ಮುಖವನ್ನು! ಬೆರಳು ಹೇಗೆ ಓಡುತ್ತಿದ್ದವು ಅಂತ ಎಷ್ಟು ನೆನೆದರೂ ಹೊಳೆಯಲಿಲ್ಲ. ನೆನೆದಾಗಲೆಲ್ಲ ಮುಖವೇ ಅಡ್ಡ ಬರುತ್ತಿತ್ತು. ತಿಪ್ಪೇಶಿ ಬಿಕ್ಕಿ ಬಿಕ್ಕಿ ಅತ್ತ. ಅವಳಿಲ್ಲದೆ ಅವನಿಗೆ ಬದುಕೇ ಸಾಕಾಗಿತ್ತು.

ಗುಬ್ಬಿಗೆ ಕನಿಕರವಾಯಿತು. ತವರಿಗೆ ಹಾರಿ ಸುದ್ದಿ ಮುಟ್ಟಿಸಿತು. ಹಾಲಮ್ಮ ಒಂದು ಗಳಿಗೆಯೂ ನಿಲ್ಲಲಿಲ್ಲ. ಹೊಸ್ತಿಲು ದಾಟುವ ಹಾಗಿಲ್ಲ, ಒಪ್ಪಿದಳು. ಏಣಿ ಹತ್ತಬಾರದು ಅಂತ ಯಾವ ಪದ್ಧತಿ ಹೇಳಿದೆ? ಹೊರಗಿನಿಂದಲೇ ಏಣಿ ಹಾಕಿ ಮಾಡಿನ ಮೇಲೆ ಹೋಗಿ ಕೂತಳು. ಮರ ಮನೆಯ ಮೇಲೆ ಬಾಗಬಾರದು ಅಂತ ರಾಜನೂ ಹೇಳಿರಲಿಲ್ಲ. ತಿಪ್ಪೇಶಿ ಬಾಗಿದ.

ಇಬ್ಬರೂ ಹೆಣೆದರು. ಅವಳು ಒಂದು ಪಟ್ಟಿ ದಾಟಿಸಿದರೆ ಇವನು ಒಂದು ಪಟ್ಟಿ ದಾಟಿಸಿದ. ಹಾಗೆ ದಾಟಿಸುವಾಗ ತಿಪ್ಪೇಶಿ ಅವಳ ತಲೆ ನೋಡಿದ. ಆ ಮಾರುದ್ದದ ಜಡೆ ಇಲಿಬಾಲವಾಗಿತ್ತು. ಇದ್ದಷ್ಟೂ ಬೆಳ್ಳಗಾಗಿತ್ತು.

"ಏನ್ರೀ ಹಂಗೆ ನೋಡ್ತೀರಿ?"

"ಎಷ್ಟೊಂದು ಬೆಳಗು ಹಂಗೇ ಹೋಗ್ಬಿಟ್ವಲ್ಲೇ."

"ಪಟ್ಟಿ ಬಿಗಿಯಾಗಿ ಎಳೀರಿ," ಅಂದಳು ಹಾಲಮ್ಮ. ಅವಳೂ ಅಳುತ್ತಿದ್ದಳು.

ಅಮಲ್ದಾರ ನೋಡಿದ, ಮೇಲಿನದು ಮೇಲಿತ್ತು. ಸಾಹುಕಾರ ನೋಡಿದ, ಕೆಳಗಿನದು ಮೇಲಿತ್ತು. ಇಬ್ಬರೂ ಮುದ್ರೆ ಒತ್ತಿದರು. ಹೆಂಚು ಹೊದಿಸಿದ್ದಾಯಿತು. ತಿಪ್ಪೇಶಿ ಮರ ಹೋಗಿ ಮನುಷ್ಯನಾದ. ಹಾಲಮ್ಮ ಬಲಗಾಲಿಟ್ಟು ಒಳಗೆ ಬಂದಳು.

ಹೊರಡುವಾಗ ಸಾಹುಕಾರ ಹೇಳಿದ, "ಈ ಮನೆಯಲ್ಲಿ ಏನೇ ಕಳೆದುಹೋದರೂ ಅಂಥದ್ದೇ ಇನ್ನೊಂದು ತಂದುಕೊಡ್ತೀನಿ. ನನ್ನ ಮಾತು."

"ಹಂಗಾದ್ರೆ ಕೊಡಿ ಸ್ವಾಮಿ," ಅಂದ ತಿಪ್ಪೇಶಿ. "ಇವಳು ಬಾಗಿಲಲ್ಲಿ ಕೂತು ಜಡೆ ಹೆಣೆಯೋ ಬೆಳಗು ಕಳೆದಿವೆ. ಎಲ್ಲಾ ಬೇಡ. ಒಂದು ಕೊಡಿ."

ಸಾಹುಕಾರ ತಲೆ ತಗ್ಗಿಸಿದ. "ಅವು ಸೂರು ಮುಚ್ಚೋಕೆ ಮುಂಚೆ ಕಳೆದವು ತಿಪ್ಪೇಶಿ. ಮುಂಚಿನ ನಷ್ಟಕ್ಕೆ ವಿಮೆ ಇಲ್ಲ."

ಸಾಹುಕಾರ ಮರೆಯಾಗುವ ತನಕ ತಿಪ್ಪೇಶಿ ಬಾಗಿಲಲ್ಲೇ ನಿಂತಿದ್ದ. ಒಳಗಿನಿಂದ ಹಾಲಮ್ಮ ಕರೆದಳು. "ಬನ್ರೀ, ಮುದ್ದೆ ಆರ್ತದೆ."

ಕತೆಯ ನೀತಿ ಏನಪ್ಪಾ ಅಂದರೆ, ಸೂರು ಬಿಚ್ಚುವವರು ಮೊದಲು ಹೆಂಡತಿಯ ಬೆರಳು ನೋಡಿಕೊಳ್ಳಬೇಕು, ಮುಖ ಆಮೇಲೆ. ಊರಿನ ಹಿರಿಯರು ಹಾಗೇ ಹೇಳುತ್ತಾರೆ. ನನ್ನನ್ನು ಕೇಳಿದರೆ, ತಿಪ್ಪೇಶಿ ಮುಖ ನೋಡಿದ್ದೇ ಸರಿ. ಅವರು ಅಲ್ಲಿ ಮುದ್ದೆ ಉಂಡರು, ನಾವು ಇಲ್ಲಿ ಮಾತು ಉಂಡೆವು. ಏಳಿ, ಕಾಯುವವರಿದ್ದರೆ ಬೇಗ ಮನೆಗೆ ಹೋಗಿ.